ಕಾಡಿಗೆ ಹೋಗುವವರ ಜ್ವರಕ್ಕೆ ಲಸಿಕೆ ಯಾಕಿಲ್ಲ?



ಮಲೆನಾಡಿನಲ್ಲಿ ಸೌದೆ, ಸೊಪ್ಪು, ದರಗಿನ ಕೆಲಸ ಶುರುವಾಗುವ ಹೊತ್ತಿಗೇ ಮಂಗನ ಕಾಯಿಲೆಯ ಕಾಲವೂ ಶುರುವಾಗುತ್ತದೆ. ಡಿಸೆಂಬರಿನಿಂದ ಮೇ ತಿಂಗಳ ತನಕ. ಪೇಪರಿನಲ್ಲಿ ಪ್ರತಿ ವರ್ಷ ಒಂದೇ ಥರದ ಸುದ್ದಿ: ಇಂಥ ಕಾಡಿನಲ್ಲಿ ಮಂಗ ಸತ್ತಿದೆ, ಇಂಥ ಊರಿನ ಹೆಂಗಸಿಗೆ ಜ್ವರ, ಅಧಿಕಾರಿಗಳು ಸ್ಥಳಕ್ಕೆ ಭೇಟಿ ಕೊಟ್ಟರು, ಜನ ಭಯಪಡಬೇಕಿಲ್ಲ. ಮಳೆ ಬಿತ್ತು ಅಂದರೆ ಕಾಯಿಲೆ ಇಳಿಯುತ್ತದೆ, ಸುದ್ದಿಯೂ ಇಳಿಯುತ್ತದೆ. 1957ರಿಂದ ಹೀಗೇ ನಡೆದುಕೊಂಡು ಬಂದಿದೆ. ಈ ಕಾಯಿಲೆಗೆ ಅಂತ ಇದ್ದ ಒಂದೇ ಒಂದು ಲಸಿಕೆಯೂ 2022ರಲ್ಲಿ ನಿಂತುಹೋಯಿತು. ಶಕ್ತಿ ಇಲ್ಲದ ಲಸಿಕೆ, ಹಾಕಿ ಪ್ರಯೋಜನವಿಲ್ಲ ಅಂತ ಕೈಬಿಟ್ಟರು. ಹೊಸದು ಇನ್ನೂ ಪರೀಕ್ಷೆಯ ಹಂತದಲ್ಲಿದೆ. ಹಳೆಯದರ ಶಕ್ತಿ ಹೋದದ್ದು ಯಾವಾಗ, ಅದು ಯಾರಿಗೆ ಯಾವಾಗ ಗೊತ್ತಾಯಿತು, ಗೊತ್ತಾದ ಮೇಲೂ ಎಷ್ಟು ವರ್ಷ ನಮ್ಮ ಜನದ ತೋಳಿಗೆ ಚುಚ್ಚಿದರು? ಇದನ್ನು ಕೇಳಲೇಬೇಕು.

ಮೊದಲು ಈ ಕಾಯಿಲೆಯ ಚರಿತ್ರೆ ಸ್ವಲ್ಪ ತಿಳಿಯೋಣ. 1957ರ ಮಾರ್ಚಿನಲ್ಲಿ ಆಗಿನ ಮೈಸೂರು ರಾಜ್ಯದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಕಾಡಂಚಿನ ಹಳ್ಳಿಗಳ ಜನಕ್ಕೆ ಜ್ವರ ಬಂತು. ಜನ ಮಂಗನ ಕಾಯಿಲೆ ಅಂದರು, ವಿಜ್ಞಾನಿಗಳು ಕ್ಯಾಸನೂರು ಕಾಡಿನ ಕಾಯಿಲೆ, ಕೆ.ಎಫ್.ಡಿ. ಅಂತ ಹೆಸರಿಟ್ಟರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರೂ ಅಲ್ಲಿದ್ದ ರಾಕ್‌ಫೆಲರ್ ಫೌಂಡೇಶನ್ನಿನ ಅಮೆರಿಕದ ವಿಜ್ಞಾನಿಗಳೂ ಓಡಿ ಬಂದರು. ಯಾಕೆ ಅಷ್ಟು ಅವಸರ? ಮಂಗ ಸಾಯುವ ಜ್ವರ ಅಂದ ಕೂಡಲೇ ಅವರಿಗೆ ಹೊಳೆದದ್ದು ಆಫ್ರಿಕ, ದಕ್ಷಿಣ ಅಮೆರಿಕಗಳ ಹಳದಿ ಜ್ವರ. ಅದು ಸೊಳ್ಳೆಯಿಂದ ಹರಡುವಂಥದು. ಪಟ್ಟಣ ಹೊಕ್ಕರೆ ಬೆಂಗಳೂರು, ಬೊಂಬಾಯಿ ಯಾವುದನ್ನೂ ಬಿಡುವುದಿಲ್ಲ. ಪರೀಕ್ಷೆ ಮಾಡಿ ನೋಡಿದರೆ ಅದು ಹಳದಿ ಜ್ವರ ಅಲ್ಲ. ರಷ್ಯದ ಕಾಡುಗಳಲ್ಲಿ ಉಣುಗಿನಿಂದ ಬರುವ ಮಿದುಳು ಜ್ವರದ ಬಳಗಕ್ಕೆ ಸೇರಿದ ಹೊಸ ವೈರಸ್. ಪಟ್ಟಣದವರು ಉಸಿರು ಬಿಟ್ಟರು. ಪುಣೆಯವರು ಆಮೇಲೂ ವರ್ಷಗಟ್ಟಲೆ ಕಾಡಿನಲ್ಲಿ ಕೆಲಸ ಮಾಡಿದರು, ಅದನ್ನು ಮರೆಮಾಚುವುದಿಲ್ಲ. ಆದರೆ ದೇಶದ ಗಮನ ಅಲ್ಲಿಗೇ ಮುಗಿಯಿತು.

ಯಾಕೆ ಮುಗಿಯಿತು ಅಂತ ತಿಳಿಯಬೇಕಾದರೆ ಕಾಯಿಲೆ ಹ್ಯಾಗೆ ಬರುತ್ತದೆ ಅಂತ ತಿಳಿಯಬೇಕು. ಕಾಡಿನ ಉಣುಗು ಈ ವೈರಸ್ಸನ್ನು ಇಟ್ಟುಕೊಂಡಿರುತ್ತದೆ. ಇಲಿ, ಮೂಗಿಲಿಯಂಥ ಸಣ್ಣ ಪ್ರಾಣಿಗಳ ರಕ್ತ ಕುಡಿದು ಮಂಗಕ್ಕೆ ಹತ್ತುತ್ತದೆ. ಕಪ್ಪುಮುಖದ ಮುಸಿಯ, ಕೆಂಪುಮುಖದ ಮಂಗ ಎರಡೂ ಸಾಯುತ್ತವೆ. ಸತ್ತ ಮಂಗದ ಮೈ ತಣ್ಣಗಾದಂತೆ ಉಣುಗುಗಳು ಇಳಿದು ಸುತ್ತಲ ದರಗಿನಲ್ಲಿ ಸೇರಿಕೊಳ್ಳುತ್ತವೆ. ಮನುಷ್ಯನಿಗೆ ಕಚ್ಚುವುದು ಹೆಚ್ಚಾಗಿ ಎಳೆ ಉಣುಗು, ಗಸಗಸೆ ಕಾಳಿನಷ್ಟು. ಕಣ್ಣಿಗೆ ಕಾಣೋದಿಲ್ಲ, ಕಚ್ಚಿದ್ದೂ ತಿಳಿಯೋದಿಲ್ಲ. ಕೆಲವು ದಿನಕ್ಕೆ ಇದ್ದಕ್ಕಿದ್ದಂತೆ ಜ್ವರ, ತಲೆ ಸಿಡಿತ, ಸೊಂಟ ಕೈಕಾಲು ಮುರಿದುಹೋದಂಥ ನೋವು, ಕಣ್ಣು ಕೆಂಪು. ಕೆಲವರಿಗೆ ಮೂಗು, ಒಸಡುಗಳಲ್ಲಿ ರಕ್ತ. ನೂರು ಜನ ಹಾಸಿಗೆ ಹಿಡಿದರೆ ಮೂರರಿಂದ ಐದು ಜನ ಸಾಯುತ್ತಾರೆ. ಇದಕ್ಕೇ ಅಂತ ಔಷಧ ಇಲ್ಲ.

ಮುಖ್ಯವಾದ ಮಾತು ಇದು: ಈ ಜ್ವರ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಸೌದೆ ಹೊತ್ತವಳಿಗೆ ಬಂದ ಜ್ವರ ಆ ಸೌದೆ ಉರಿಸಿಕೊಂಡವರ ಮನೆಗೆ ಬರುವುದಿಲ್ಲ. ತಹಶೀಲ್ದಾರರ ಮಗುವಿಗೆ ಬರುವುದಿಲ್ಲ, ಬೆಂಗಳೂರಿನ ಮಂತ್ರಿಗೆ ಬರುವುದಿಲ್ಲ. ಕಾಡಿಗೆ ಕಾಲಿಟ್ಟವನಿಗೇ ಬಂದು ಅವನಲ್ಲೇ ಮುಗಿಯುತ್ತದೆ. ಉಣುಗು ಜಾತಿ ಕೇಳಿ ಕಚ್ಚುವುದಿಲ್ಲ ನಿಜ. ಅಡಿಕೆ ತೋಟದ ಒಡೆಯರೂ ಸತ್ತಿದ್ದಾರೆ, ಇಲ್ಲ ಅನ್ನಲ್ಲ. ಆದರೆ ಸೊಪ್ಪಿನಬೆಟ್ಟ ಯಾರದಾದರೂ ಆಗಲಿ, ಅಲ್ಲಿ ಸೊಪ್ಪು ಕಡಿದು ಹೊರೆ ಕಟ್ಟಿ ತಲೆಮೇಲೆ ಹೊತ್ತು ತರುವವರು ಯಾರು? ದಿನಗೂಲಿಗೆ ನೆಡುತೋಪು ಸವರುವವರು, ದನ ಕಾಯುವವರು ಯಾರು? ಗ್ಯಾಸಿನ ಸಿಲಿಂಡರ್ ಮೂಲೆಯಲ್ಲಿ ಖಾಲಿ ಕೂತಿರುವ ಮನೆಯ ಹೆಂಗಸು ಬೆಳಗಾಗೆದ್ದು ಎಲ್ಲಿಗೆ ಹೋಗಬೇಕು?

ಸಿಡುಬಿನ ಕಥೆ ಪಕ್ಕಕ್ಕೆ ಇಟ್ಟು ನೋಡಿ. ಹಿಂದೆ ಹತ್ತೊಂಬತ್ತನೇ ಶತಮಾನದಲ್ಲಿ ದಾಕು ಹಾಕುವುದು ಅಂದರೆ ಒಂದು ಮಗುವಿನ ತೋಳಿನ ಗುಳ್ಳೆಯ ನೀರು ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕುವುದು. ಆ ನೀರು ಎಷ್ಟೋ ಕಡೆ ಬಡವರ, ಕೀಳು ಅನ್ನಿಸಿಕೊಂಡ ಜಾತಿಗಳ ಮಕ್ಕಳ ತೋಳಿಂದಲೇ ಬರುತ್ತಿತ್ತು. ಆ ಜಾತಿಯ ಮೈನೀರು ನಮ್ಮ ಮಕ್ಕಳಿಗೆ ಬೇಡ ಅಂತ ಮೇಲಿನವರು ತಕರಾರು ಮಾಡಿದರು. ಅಂದರೆ ಮುಟ್ಟಬಾರದ ಮೈ ಲಸಿಕೆ ಬೆಳೆಸುವುದಕ್ಕೆ ಆಗುತ್ತಿತ್ತು! ಇರಲಿ. ಸಿಡುಬು ಉಸಿರಿನಿಂದ ಹಬ್ಬುವಂಥದು, ಕೇರಿಯಿಂದ ಊರಿಗೆ, ಊರಿಂದ ಪಟ್ಟಣಕ್ಕೆ. ಹೀಗಾಗಿ ಸರ್ಕಾರ ಬಿಡಲಿಲ್ಲ. ಮನೆಮನೆ ಹುಡುಕಿದರು. ಕೊನೆಕೊನೆಗೆ ರೋಗಿಯನ್ನು ತೋರಿಸಿಕೊಟ್ಟವರಿಗೆ ಸಾವಿರ ರೂಪಾಯಿ ಇನಾಮು ಅಂತ ಸಾರಿದರು. 1975ರ ಮೇ ತಿಂಗಳಿಗೆ ದೇಶದಲ್ಲಿ ಸಿಡುಬು ಮುಗಿಯಿತು, 1980ರಲ್ಲಿ ಪ್ರಪಂಚವೇ ಮುಕ್ತ ಅಂತ ಸಾರಿದರು. ದೊಡ್ಡ ಕೆಲಸವೇ. ಮನಸ್ಸು ಮಾಡಿದರೆ ಈ ಸರ್ಕಾರಗಳಿಗೆ ಆಗುತ್ತದೆ ಅನ್ನುವುದಕ್ಕೆ ಅದೇ ಸಾಕ್ಷಿ.

ಮಂಗನ ಕಾಯಿಲೆಗೆ ಏನು ಮಾಡಿದರು? ಮೊದಲಿಗೆ ರಷ್ಯದ ಕಾಯಿಲೆಗೆ ಇಲಿಯ ಮಿದುಳಿನಲ್ಲಿ ಬೆಳೆಸಿದ ಲಸಿಕೆಯನ್ನು ಇಲ್ಲಿನ ಜನಕ್ಕೆ ಹಾಕಿ ನೋಡಿದರು. ಹಿಡಿಯಲಿಲ್ಲ. ಆಮೇಲೆ ಕೋಳಿಮೊಟ್ಟೆಯ ಭ್ರೂಣದ ಜೀವಕೋಶದಲ್ಲಿ ವೈರಸ್ ಬೆಳೆಸಿ ಫಾರ್ಮಲಿನ್ ಹಾಕಿ ಕೊಂದು ಲಸಿಕೆ ಮಾಡಿದರು. ಲಾಭ ಇಲ್ಲದ ಲಸಿಕೆ ಆದ್ದರಿಂದ ಕಂಪನಿಗಳು ಬರಲಿಲ್ಲ, ರಾಜ್ಯ ಸರ್ಕಾರವೇ ತಯಾರಿಸಿತು. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯಲ್ಲಿ, ದನಕರುಗಳ ಲಸಿಕೆ ಮಾಡುವ ಜಾಗದಲ್ಲಿ. ನಾವು ಇದನ್ನು ಹಂಗಿಸುವುದಕ್ಕೆ ಹೇಳುತ್ತಿಲ್ಲ, ಅವರಾದರೂ ಮಾಡಿದರಲ್ಲ.

ಈಗ ಲೆಕ್ಕ ನೋಡಿ. 1990-92ರಲ್ಲಿ ಮೂರು ಜಿಲ್ಲೆಗಳಲ್ಲಿ ಈ ಲಸಿಕೆಯನ್ನು ಪರೀಕ್ಷೆ ಮಾಡಿದಾಗ ಎರಡು ಸೂಜಿ ಹಾಕಿಸಿಕೊಂಡವರಿಗೆ ನೂರಕ್ಕೆ 93.5ರಷ್ಟು ರಕ್ಷಣೆ ಅಂದರು. 2005ರಿಂದ 2010ರ ತನಕದ ಲೆಕ್ಕ ತೆಗೆದವರಿಗೆ ಅದೇ ಎರಡು ಸೂಜಿಗೆ ಸಿಕ್ಕಿದ್ದು 62.4. ಆರೇಳು ತಿಂಗಳ ಮೇಲೆ ಮೂರನೆಯದೂ ಹಾಕಿಸಿಕೊಂಡಿದ್ದರೆ 82.9. ಒಂದೇ ಸೂಜಿಗೆ ನಿಲ್ಲಿಸಿದವರಿಗೆ ಏನೂ ಇಲ್ಲ, ನೋವೊಂದೇ ಲಾಭ. ಆ ಹೊತ್ತಿಗೇ ಎಚ್ಚರ ಆಗಬೇಕಿತ್ತು. 2011-12ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಸೂಜಿ ಹಾಕಿಸಿಕೊಂಡವರೂ ಮಲಗಿದರು. ಆದರೂ ಹತ್ತು ವರ್ಷ ಅದೇ ಲಸಿಕೆ ನಡೆಯಿತು. ಒಂದು ಕಾರಿನ ಬ್ರೇಕು ಹಿಡಿಯೋದಿಲ್ಲ ಅಂದರೆ ಕಂಪನಿಯವನು ಕಾರು ವಾಪಸು ಕರೆಸುತ್ತಾನೆ.

ಹಾಕುವ ಕ್ರಮವನ್ನೂ ನೋಡಿ. ಮಂಗ ಸತ್ತರೆ ಅಥವಾ ಮನುಷ್ಯನಿಗೆ ಬಂದರೆ ಆ ಜಾಗದ ಸುತ್ತ ಐದು ಕಿಲೋಮೀಟರಿನೊಳಗೆ ಸೂಜಿ. ಮಂಗ ಸಾಯುವುದು ಜನವರಿಯಲ್ಲಿ ಅಂದುಕೊಳ್ಳಿ. ವರದಿ ಬಂದು, ಲಸಿಕೆ ಬಂದು, ಮೊದಲ ಸೂಜಿ ಆಗುವಾಗ ಫೆಬ್ರವರಿ. ಒಂದು ತಿಂಗಳು ಬಿಟ್ಟು ಎರಡನೆಯದು ಮಾರ್ಚಿಗೆ. ಆ ಹೊತ್ತಿಗೆ ಕಾಯಿಲೆ ಅರ್ಧ ಊರು ತಿರುಗಿರುತ್ತದೆ. ಮೂರನೆಯದು ಮಳೆಗಾಲ ಕಳೆಯುವಾಗ, ಆಗ ಕೇಳುವವರಿಲ್ಲ, ಹಾಕುವವರೂ ಇಲ್ಲ. ಮಳೆಗಾಲದ ಕೊನೆಯಲ್ಲೇ ಕಾಡಂಚಿನ ಎಲ್ಲರಿಗೂ ಹಾಕಿ ಮುಗಿಸಿದ್ದರೆ ಮಾತು ಬೇರೆ ಇತ್ತು.

ಇದಕ್ಕೆಲ್ಲ ಸಾಹೇಬರುಗಳ ಬಾಯಲ್ಲಿ ಒಂದು ಉತ್ತರ ಸದಾ ರೆಡಿ: "ಜನ ಸಹಕರಿಸೋದಿಲ್ರೀ, ಮೂಢನಂಬಿಕೆ." ಸೂಜಿ ಚುಚ್ಚಿದ ತೋಳು ಊದಿ ಎರಡು ದಿನ ಎತ್ತಲಿಕ್ಕೆ ಬರುತ್ತಿರಲಿಲ್ಲ ಅಂತ ಹಾಕಿಸಿಕೊಂಡವರೆಲ್ಲ ಹೇಳುತ್ತಾರೆ. ಎರಡು ದಿನ ತೋಳು ಎತ್ತದಿದ್ದರೆ ಎರಡು ದಿನದ ಕೂಲಿ ಹೋಯಿತು. ಸಂಬಳದವರಿಗೆ ಅದು ಕ್ಯಾಶುಯಲ್ ಲೀವು. ಕೂಲಿಯವಳಿಗೆ ಅದು ಎರಡು ದಿನದ ಅಕ್ಕಿ. ಮೂರು ಸಲ ಚುಚ್ಚಿಸಿಕೊಂಡು, ಆಮೇಲೆ ಐದು ವರ್ಷ ವರ್ಷಕ್ಕೊಂದು ಚುಚ್ಚಿಸಿಕೋ ಅಂದರೆ ಅವಳು ಲೆಕ್ಕ ಹಾಕುತ್ತಾಳೆ. ಆ ಲೆಕ್ಕಕ್ಕೆ ಮೂಢನಂಬಿಕೆ ಅನ್ನುವ ಹೆಸರು ಯಾಕೆ?

1983ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ ಕಡೆ ಕಾಡು ಕಡಿದು ಗೇರು ತೋಪು ಮಾಡಲು ಹೊರಟರು. ಕಡಿಯಲು ಇಳಿದವರು ಕೂಲಿಗಳು. ಸಾವಿರಕ್ಕೂ ಹೆಚ್ಚು ಜನಕ್ಕೆ ಜ್ವರ, ನೂರಕ್ಕೂ ಹೆಚ್ಚು ಸಾವು. ಗೇರುಬೀಜ ತಿಂದವರಿಗೆ ಇದು ಗೊತ್ತಿರಲಿಕ್ಕಿಲ್ಲ. 2015ರಲ್ಲಿ ಗೋವಾದ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ, ಅಲ್ಲೂ ಗೇರು ತೋಪಿನ ಕೆಲಸದವರೇ. 2015ರಲ್ಲಿ ಕೇರಳದ ವಯನಾಡಿನಲ್ಲಿ ಆದಿವಾಸಿ ಕಾಲನಿಗಳಿಗೆ ಹೊಡೆಯಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತರು, ಉಳಿದವರು ಜೀವ ಹಿಡಿದುಕೊಂಡು ಘಟ್ಟ ಇಳಿದು ಮಣಿಪಾಲಕ್ಕೆ ಓಡಿದರು.

ಇನ್ನು ಬಂಡೀಪುರ. 2012ರ ಕೊನೆಯಲ್ಲಿ ಅಲ್ಲಿ ಮಂಗಗಳು ಸತ್ತಾಗ ಜ್ವರ ಬಂದದ್ದು ಯಾರಿಗೆ? ಆ ಹೆಣಗಳನ್ನು ಎತ್ತಿ ಸುಟ್ಟವರಿಗೆ. ಇದನ್ನು ನಾವು ಸ್ವಲ್ಪ ನಿಂತು ಯೋಚಿಸಬೇಕು. ಸತ್ತ ದನ ಎಳೆಯಲು ಕೇರಿಗೆ ಹೇಳಿಕಳಿಸುವ ಊರುಗಳು ಇನ್ನೂ ಇವೆ. ಸತ್ತ ಮಂಗಕ್ಕೆ ಹನುಮಂತನೆಂದು ಕೈ ಮುಗಿದು ಹೂ ಹಾಕುವವರು ಒಬ್ಬರು, ಅದನ್ನು ಎತ್ತು ಅನ್ನಿಸಿಕೊಳ್ಳುವವರು ಇನ್ನೊಬ್ಬರು ಆಗಬಾರದು. ನಾವು ಖಂಡಿತವಾಗಿ ಹೇಳುತ್ತೇವೆ: ಸತ್ತ ಮಂಗವನ್ನು ಯಾರೂ, ಎಷ್ಟೇ ದುಡ್ಡು ಕೊಟ್ಟರೂ, ಯಾವ ಗೌಡರು ಹೇಳಿದರೂ ಬರಿಗೈಲಿ ಮುಟ್ಟಬೇಡಿ, ಹತ್ತಿರವೂ ಹೋಗಬೇಡಿ. ಆರೋಗ್ಯ ಇಲಾಖೆಗೆ ಹೇಳಿ. ಕೈಚೀಲ, ಬೂಟು, ಎಣ್ಣೆ ಕೊಟ್ಟು ತರಬೇತಿ ಮಾಡಿದ ಸಿಬ್ಬಂದಿ ಬರಬೇಕು. ಸುತ್ತ ಐವತ್ತು ಮೀಟರು ಮೆಲಾಥಿಯನ್ ಪುಡಿ ಹಾಕಬೇಕು. ಅದು ಅವರ ಡ್ಯೂಟಿ.

ಹೊಸ ಲಸಿಕೆಯ ಕೆಲಸ ಐ.ಸಿ.ಎಂ.ಆರ್. ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಕಂಪನಿಯ ಕೈಯಲ್ಲಿದೆ. ಬರಲಿ, ಬೇಗ ಬರಲಿ. ನಮ್ಮಲ್ಲಿ ಕೆಲವರು ಲಸಿಕೆ ಅಂದರೇ ಅನುಮಾನ ಪಡುತ್ತಾರೆ. ಅದು ತಪ್ಪು ದಾರಿ. ಲಸಿಕೆ ಬೇಡ ಅನ್ನುವುದು ನಮ್ಮ ಜಗಳ ಅಲ್ಲ, ಸರಿಯಾದ ಲಸಿಕೆ ಸರಿಯಾದ ಹೊತ್ತಿಗೆ ಬೇಕು ಅನ್ನುವುದು ಜಗಳ. ದಡಾರ, ಧನುರ್ವಾಯು, ಪೋಲಿಯೊ ಇವುಗಳ ಸೂಜಿ, ಹನಿ ಒಂದನ್ನೂ ನಮ್ಮ ಮಕ್ಕಳಿಗೆ ತಪ್ಪಿಸಬೇಡಿ. ಆದರೆ ಹೊಸ ಲಸಿಕೆಯ ಪರೀಕ್ಷೆ ಕಾಡಂಚಿಗೆ ಬಂದಾಗ ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಓದಲು ಬಾರದವರಿಗೆ ಓದಿ ಹೇಳಬೇಕು, ಏನಾದರೂ ಆದರೆ ಯಾರು ನೋಡಿಕೊಳ್ಳುತ್ತಾರೆ ಅಂತ ಬರೆದುಕೊಡಬೇಕು. ಲಸಿಕೆ ತಯಾರಾದ ಮೇಲೆ ಒಂದೊಂದು ಸೀಸೆ ಗುಂಪಿನ ಶಕ್ತಿ ಪರೀಕ್ಷೆಯ ಫಲಿತಾಂಶ ಆಸ್ಪತ್ರೆಯ ಬೋರ್ಡಿನಲ್ಲಿ ಹಾಕಬೇಕು. ಸೂಜಿ ಹಾಕಿಸಿಕೊಂಡ ಎರಡು ದಿನಕ್ಕೆ ಕೂಲಿ ಕೊಡಬೇಕು. ಇದು ಜಾಸ್ತಿ ಅನ್ನುವವರು ಒಂದು ಹೊರೆ ಸೊಪ್ಪು ಹೊತ್ತು ನೋಡಲಿ.

ಅದು ಬರುವ ತನಕ ಇರುವುದು ಎಣ್ಣೆ. ಸರ್ಕಾರದವರು ಕೊಡುವ ಡೆಪಾ ಎಣ್ಣೆಯನ್ನು ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ, ಕುತ್ತಿಗೆಗೆ ಹಚ್ಚಿ. ಮೈತುಂಬ ಬಟ್ಟೆ ಹಾಕಿ. ದರಗಿನ ಮೇಲೆ ಕೂರಬೇಡಿ, ಮಲಗಬೇಡಿ. ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಮಕ್ಕಳ ಕಿವಿ ಹಿಂದೆ, ಕಂಕುಳಲ್ಲಿ ನೋಡಿ. ಜ್ವರ ಬಂದರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದೆ ಅಂತ ಬಾಯಿಬಿಟ್ಟು ಹೇಳಿ, ಮೊದಲ ದಿನಗಳಲ್ಲೇ ರಕ್ತ ತೆಗೆದು ಶಿವಮೊಗ್ಗದ ಲ್ಯಾಬಿಗೆ ಕಳಿಸಿ ಅಂತ ಕೇಳಿ. ಆಸ್ಪಿರಿನ್ ಜಾತಿಯ ನೋವಿನ ಗುಳಿಗೆ ಅಂಗಡಿಯಲ್ಲಿ ಕೊಂಡು ನುಂಗಬೇಡಿ, ರಕ್ತ ಹೋಗುವುದು ಹೆಚ್ಚುತ್ತದೆ. ಜ್ವರ ಬಿಟ್ಟು ಒಂದೆರಡು ವಾರಕ್ಕೆ ಕೆಲವರಿಗೆ ಮತ್ತೆ ಬರುತ್ತದೆ, ಆಗ ತಲೆಗೆ ಏರುತ್ತದೆ, ಮಂಕು, ನಡುಕ. ಹಾಗಾಗಿ ಜ್ವರ ಬಿಟ್ಟಿತು ಅಂತ ಮಾರನೇ ದಿನವೇ ಕೆಲಸಕ್ಕೆ ಹೋಗಬೇಡಿ, ಕಳಿಸಬೇಡಿ.

ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆಯ ಗೆಳೆಯರು ತಮ್ಮ ಗ್ರಾಮ ಪಂಚಾಯಿತಿಗೆ ಹೋಗಿ ಕೇಳಿ: ಈ ಸಲ ಎಣ್ಣೆ ಎಷ್ಟು ಬಾಟಲಿ ಬಂತು, ಯಾವ ತಾರೀಕಿಗೆ ಬಂತು, ಯಾವ ಮನೆಗಳಿಗೆ ಕೊಟ್ಟಿರಿ, ಕೇರಿಗೆ ಎಷ್ಟು? ಉತ್ತರ ಬರೆದುಕೊಂಡು ಬನ್ನಿ. ಕೊಡದಿದ್ದರೆ ಕೊಡಲಿಲ್ಲ ಅಂತಲೇ ಬರೆದು ತನ್ನಿ. ಮುಂದಿನ ಸಂಚಿಕೆಯಲ್ಲಿ ಊರಿನ ಹೆಸರು ಹಾಕಿ ಅಚ್ಚು ಮಾಡುತ್ತೇವೆ.