ಹದಿನೈದು ವರ್ಷಗಳ ಅಂಕಪಟ್ಟಿ

ಕನ್ನಡದಲ್ಲಿ ‘ಸಂಪಾದನೆ’ ಎಂಬ ಮಾತು ಮೂರು ಕೆಲಸಗಳಿಗೆ ಸಲ್ಲುತ್ತದೆ. ಹೊಟ್ಟೆಪಾಡಿಗೆ ದುಡಿದು ಗಳಿಸುವುದು ಸಂಪಾದನೆ. ಹತ್ತು ಜನರಿಂದ ಲೇಖನ ಬರೆಸಿ, ಮುನ್ನುಡಿ ಕೂಡಿಸಿ ಪುಸ್ತಕ ಮಾಡುವುದೂ ಸಂಪಾದನೆ. ಐದಾರು ಓಲೆಪ್ರತಿಗಳನ್ನು ಮುಂದಿಟ್ಟುಕೊಂಡು, ಅಕ್ಷರಕ್ಕೆ ಅಕ್ಷರ ತಾಳೆ ನೋಡಿ, ಕವಿ ಬರೆದಿರಬಹುದಾದ ಪಾಠವನ್ನು ಹುಡುಕಿ ನಿಲ್ಲಿಸುವುದೂ ಸಂಪಾದನೆಯೇ. ಅಧ್ಯಾಪಕರ ನೇಮಕ, ಬಡ್ತಿಗೆಂದು ಅವರ ಬರಹಕ್ಕೆ ಅಂಕ ಕೊಡುವ, ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಕೋಷ್ಟಕದಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ಬೇರೆ ಬೇರೆ ಸಾಲಿಲ್ಲ. ರಾಷ್ಟ್ರೀಯ ಪ್ರಕಾಶಕರು ಹೊರತಂದ ಪುಸ್ತಕದ ಸಂಪಾದಕರಿಗೆ 8 ಅಂಕ. ಅದೇ ಕೋಷ್ಟಕದಲ್ಲಿ ಭಾಷೆ, ಮಾನವಿಕ ವಿಷಯಗಳ ಒಂದು ಸಂಶೋಧನ ಲೇಖನಕ್ಕೆ 10 ಅಂಕ. ಒಬ್ಬರೇ ಕೂತು ಬರೆದ ಇಡೀ ಪುಸ್ತಕಕ್ಕೂ 10. ಅನುವಾದಿಸಿದ ಪುಸ್ತಕಕ್ಕೆ 8.

ಈ ಅಂಕಗಳ ಲೆಕ್ಕ ನಮ್ಮ ವಿಭಾಗಗಳಿಗೆ ಬಂದದ್ದು 2010ರಲ್ಲಿ, ಎಪಿಐ (ಶೈಕ್ಷಣಿಕ ಸಾಧನೆಯ ಸೂಚಕ) ಎಂಬ ಹೆಸರಿನಲ್ಲಿ. ಹದಿನೈದು ವರ್ಷ ತುಂಬುವ ಹೊತ್ತಿಗೆ ಅದರ ಕಟ್ಟಡ ಒಂದೊಂದೇ ಕಡೆ ಕಳಚತೊಡಗಿತು. 2025ರ ಜನವರಿಯಲ್ಲಿ ಯುಜಿಸಿ ಹೊಸ ನೇಮಕಾತಿ ನಿಯಮಗಳ ಕರಡನ್ನು ಮುಂದಿಟ್ಟಿತು. ಫೆಬ್ರವರಿಯಲ್ಲಿ, ಒಪ್ಪಿತ ನಿಯತಕಾಲಿಕೆಗಳ ‘ಕೇರ್’ ಪಟ್ಟಿಯನ್ನೇ ಕೈಬಿಡುವುದಾಗಿ ಹೇಳಿತು. ಆದ್ದರಿಂದ ಒಮ್ಮೆ ಹಿಂದಿರುಗಿ ನೋಡಲು ಇದು ತಕ್ಕ ಸಮಯ. ಈ ಹದಿನೈದು ವರ್ಷಗಳಲ್ಲಿ ನಮ್ಮ ಅಧ್ಯಾಪಕರು ಏನು ಬರೆದರು, ಎಲ್ಲಿ ಮಂಡಿಸಿದರು, ಅದರಲ್ಲಿ ಓದುವವರ ಕೈಯಲ್ಲಿ ಉಳಿದದ್ದು ಯಾವುದು?

ಮೊದಲು ನ್ಯಾಯವಾದ ಮಾತೊಂದನ್ನು ಹೇಳಿಬಿಡಬೇಕು. 2010ಕ್ಕೆ ಮುಂಚೆ ಎಲ್ಲವೂ ಚೆನ್ನಾಗಿತ್ತು ಎಂಬುದು ಸುಳ್ಳು. ಪಿಎಚ್‌ಡಿ ಆದ ಮೇಲೆ ನಿವೃತ್ತಿಯವರೆಗೆ ಒಂದು ಪುಟವನ್ನೂ ಬರೆಯದೆ ಪ್ರಾಧ್ಯಾಪಕರಾದವರು ಪ್ರತಿ ವಿಭಾಗದಲ್ಲೂ ಇದ್ದರು. ಜಾತಿ, ಗುಂಪು, ಶಿಫಾರಸುಗಳ ಮುಂದೆ ಬರೆದವನ ಬರಹಕ್ಕೆ ಬೆಲೆ ಇರಲಿಲ್ಲ. ಕಣ್ಣಿಗೆ ಕಾಣುವ ಒಂದು ಅಳತೆಗೋಲು ಬೇಕು ಎಂದು ನಾವೇ ಕೇಳಿದ್ದೆವು. ಹಿಂದಿನ ಬೆಂಚಿನಿಂದ ಬಂದ ಎಷ್ಟೋ ಯುವಕ ಯುವತಿಯರು ಈ ಅಂಕಗಳನ್ನೇ ಹಿಡಿದು ಸಂದರ್ಶನ ಸಮಿತಿಯ ಮುಂದೆ ಧೈರ್ಯವಾಗಿ ಕೂತದ್ದನ್ನು ನಾನು ಕಂಡಿದ್ದೇನೆ. ಅಳತೆ ಬೇಕೆಂದದ್ದು ತಪ್ಪಲ್ಲ. ಅಳೆಯಲು ಬಾರದ್ದನ್ನು ಎಣಿಸಿ ಮುಗಿಸಿದ್ದು ತಪ್ಪಾಯಿತು.

ಎಣಿಕೆಯ ಮೊದಲ ಫಲ ವಿಚಾರ ಸಂಕಿರಣಗಳಲ್ಲಿ ಕಂಡಿತು. 2010ರ ಪಟ್ಟಿಯಂತೆ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸಿದರೆ 10 ಅಂಕ, ರಾಷ್ಟ್ರೀಯಕ್ಕೆ ಏಳೂವರೆ, ರಾಜ್ಯಮಟ್ಟಕ್ಕೆ 5, ಕಾಲೇಜು ಮಟ್ಟಕ್ಕೆ 3. ಪ್ರಬಂಧ ಹೇಗಿದೆ ಎಂಬುದಕ್ಕೆ ಅಂಕವಿಲ್ಲ, ಬ್ಯಾನರಿನ ಮೇಲೆ ಏನು ಬರೆದಿದೆ ಎಂಬುದಕ್ಕೆ ಇದೆ. ಮುಂದಿನ ಕೆಲವೇ ವರ್ಷಗಳಲ್ಲಿ ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲೂ ಅಂತಾರಾಷ್ಟ್ರೀಯ ಸಮ್ಮೇಳನಗಳು ನಡೆದವು. ಇನ್ನು 2016ರ ಪಿಎಚ್‌ಡಿ ನಿಯಮವು ಸಂಶೋಧನ ವಿದ್ಯಾರ್ಥಿಗಳಿಗೂ ಒಂದು ಪ್ರಕಟಿತ ಲೇಖನ, ಎರಡು ಮಂಡನೆಗಳನ್ನು ಕಡ್ಡಾಯ ಮಾಡಿತು. 2022ರ ನವೆಂಬರಿನ ಹೊಸ ನಿಯಮ ಬರುವವರೆಗೂ ಅದು ಹಾಗೇ ಇತ್ತು.

ಅಂಥದೊಂದು ಮಧ್ಯಾಹ್ನ ನನಗೆ ಮರೆಯುವುದಿಲ್ಲ. ಊಟದ ನಂತರದ ಗೋಷ್ಠಿಗೆ ನಾನು ಅಧ್ಯಕ್ಷ. ಪಟ್ಟಿಯಲ್ಲಿ ಮೂವತ್ತೆಂಟು ಪ್ರಬಂಧಗಳು, ಇದ್ದ ಸಮಯ ಎರಡು ಗಂಟೆ. ತಲೆಗೆ ಮೂರು ನಿಮಿಷ. ಹೆಸರು ಕರೆದಾಗ ಬಂದವರು ಶೀರ್ಷಿಕೆ ಓದಿ, ಉದ್ದೇಶಗಳನ್ನು ಓದಿ, ‘ಸಮಯದ ಅಭಾವದಿಂದ’ ಎಂದು ಹೇಳಿ ಇಳಿಯುತ್ತಿದ್ದರು. ಇಳಿದವರು ನೇರ ಹೊರಗಿನ ಮೇಜಿಗೆ, ಪ್ರಮಾಣಪತ್ರದ ಸಾಲಿಗೆ. ಇಪ್ಪತ್ತಾರನೆಯವಳು ಒಬ್ಬ ಹುಡುಗಿ. ತನ್ನೂರಿನ ಮೂರು ವೀರಗಲ್ಲುಗಳ ಬಗ್ಗೆ ಬರೆದುಕೊಂಡು ಬಂದಿದ್ದಳು, ಫೋಟೊ ತೆಗೆದಿದ್ದಳು, ಒಂದರ ಮೇಲಿನ ಸವೆದ ಸಾಲನ್ನು ತಾನೇ ಕಾಗದದ ಮೇಲೆ ಅಚ್ಚು ತೆಗೆದಿದ್ದಳು. ಆ ಅಚ್ಚನ್ನು ಬಿಡಿಸಿ ತೋರಿಸುವಷ್ಟರಲ್ಲಿ ಸಂಘಟಕರು ಚೀಟಿ ಕೊಟ್ಟರು. ನಾನೂ ಗಂಟೆ ಒತ್ತಿದೆ. ಸಭೆಯಲ್ಲಿ ಆಗ ಹನ್ನೊಂದು ಜನ ಇದ್ದೆವು. ಒಬ್ಬರೂ ಪ್ರಶ್ನೆ ಕೇಳಲಿಲ್ಲ, ಕೇಳುವುದಕ್ಕೆ ಪಟ್ಟಿಯಲ್ಲಿ ಜಾಗವೂ ಇರಲಿಲ್ಲ. ಆ ಗಂಟೆ ಒತ್ತಿದ್ದಕ್ಕೆ ಇವತ್ತಿಗೂ ನನಗೆ ಸಂಕಟವಿದೆ.

ನಿಯತಕಾಲಿಕೆಗಳ ಕಥೆ ಎಲ್ಲರಿಗೂ ಗೊತ್ತಿರುವುದೇ, ಬೇಗ ಹೇಳುತ್ತೇನೆ. ದುಡ್ಡು ಕಟ್ಟಿದರೆ ವಾರದೊಳಗೆ ಅಚ್ಚು ಹಾಕುವ ಪತ್ರಿಕೆಗಳು ಅಣಬೆಗಳಂತೆ ಎದ್ದವು. ಪುಣೆ ವಿಶ್ವವಿದ್ಯಾಲಯದ ತಜ್ಞರ ತಂಡವೊಂದು ಯುಜಿಸಿಯ ಒಪ್ಪಿತ ಪಟ್ಟಿಯಿಂದ ಸಾವಿರ ಚಿಲ್ಲರೆ ಪತ್ರಿಕೆಗಳನ್ನು ಆರಿಸಿ ಪರೀಕ್ಷಿಸಿ, ಶೇಕಡ 88ರಷ್ಟು ಕಳಪೆ ಎಂದು 2018ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಬರೆಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಯುಜಿಸಿ 4,305 ಪತ್ರಿಕೆಗಳನ್ನು ಪಟ್ಟಿಯಿಂದ ಕಿತ್ತುಹಾಕಿತು. ಮರುವರ್ಷ ಕೇರ್ ಬಂತು, ಈಗ ಅದೂ ಹೋಯಿತು. ನನಗೆ ನೋವಾಗುವುದು ಪಟ್ಟಿ ಬಂದು ಹೋದದ್ದಕ್ಕಲ್ಲ. ಈ ಗದ್ದಲದಲ್ಲಿ, ಲೇಖನವನ್ನು ಕೈಯಲ್ಲಿ ಪೆನ್ಸಿಲ್ ಹಿಡಿದು ಓದಿ, ‘ಇಲ್ಲಿ ನಿಮ್ಮ ವಾದ ನಿಲ್ಲುವುದಿಲ್ಲ’ ಎಂದು ಬರೆದು ಕಳಿಸುತ್ತಿದ್ದ ಹಿರಿಯರ ಪದ್ಧತಿಯೇ ತಪ್ಪಿಹೋಯಿತು.

ಕನ್ನಡದ ಮಟ್ಟಿಗೆ ಇದಕ್ಕಿಂತ ಆಳವಾಗಿ ತಟ್ಟಿದ ಪೆಟ್ಟು ಇನ್ನೊಂದಿದೆ. 2016ರಿಂದ ವಿದ್ಯಾಸಂಸ್ಥೆಗಳ ರಾಷ್ಟ್ರೀಯ ಶ್ರೇಯಾಂಕ, ಎನ್‌ಐಆರ್‌ಎಫ್, ಶುರುವಾಯಿತು. ಅದರಲ್ಲಿ ಸಂಶೋಧನೆಯ ಲೆಕ್ಕ ತೆಗೆಯುವುದು ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಎಂಬ ಎರಡು ದತ್ತಾಂಶ ಕೋಶಗಳಿಂದ. ಕನ್ನಡದಲ್ಲಿ ಬರೆದ ಪುಸ್ತಕ ಎಷ್ಟೇ ದೊಡ್ಡದಿರಲಿ, ಆ ಬಾಗಿಲಲ್ಲಿ ಅದಕ್ಕೆ ಪ್ರವೇಶವಿಲ್ಲ. ಕುಲಪತಿಗಳಿಗೆ ಶ್ರೇಯಾಂಕ ಬೇಕು, ಆದ್ದರಿಂದ ವಿಭಾಗಗಳಿಗೆ ಸುತ್ತೋಲೆ ಹೋಗುತ್ತದೆ, ಆದ್ದರಿಂದ ಯುವ ಅಧ್ಯಾಪಕ ತನ್ನ ಜಿಲ್ಲೆಯ ಶಾಸನಗಳ ಬಗ್ಗೆ ತನ್ನ ಜಿಲ್ಲೆಯವರು ಓದಲಾಗದ ಭಾಷೆಯಲ್ಲಿ ಆರು ಪುಟ ಬರೆದು ಕಳಿಸುತ್ತಾನೆ.

ಹಾಗಾದರೆ ಉಳಿದದ್ದು ಯಾವುದು? ನನ್ನ ಮೇಜಿನ ಮೇಲಿರುವ, ಪುಟ ಮಡಿಚಿ ಗುರುತು ಹಾಕಿರುವ ಪುಸ್ತಕಗಳನ್ನೇ ನೋಡುತ್ತೇನೆ. ಷ. ಶೆಟ್ಟರ್ ಅವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದಾಗ ಸಲ್ಲೇಖನದ ಬಗ್ಗೆ ಇಂಗ್ಲಿಷಿನಲ್ಲಿ ಬರೆದು ಹೆಸರಾದವರು. ಅಧ್ಯಾಪನದಿಂದ ಹೊರಬಂದು, ಎಪ್ಪತ್ತು ದಾಟಿದ ಮೇಲೆ ‘ಶಂಗಂ ತಮಿಳಗಂ ಮತ್ತು ಕನ್ನಡ ನಾಡು-ನುಡಿ’ಯನ್ನು 2007ರಲ್ಲಿ ಕನ್ನಡದಲ್ಲಿ ತಂದರು. ಆಮೇಲೆ ಹಳಗನ್ನಡದ ಲಿಪಿ, ಲಿಪಿಕಾರರ ಮೇಲಿನ ಬೃಹತ್ ಗ್ರಂಥ, 2018ರಲ್ಲಿ ‘ಪ್ರಾಕೃತ ಜಗದ್ವಲಯ’. ಶಾಸನ ಎಂದರೆ ರಾಜನ ಮಾತು ಎಂದಷ್ಟೇ ಓದುತ್ತಿದ್ದ ನಮಗೆ, ಕಲ್ಲಿನ ಮುಂದೆ ಉಳಿ ಹಿಡಿದು ಕೂತ ಬರಹಗಾರನನ್ನು, ಅವನ ಕಸುಬನ್ನು, ಅವನ ಹೆಸರನ್ನು ತೋರಿಸಿಕೊಟ್ಟವರು ಅವರು. ಆ ಪುಸ್ತಕಗಳಿಂದ ಅವರಿಗೆ ಒಂದು ಅಂಕವೂ ಬೇಕಾಗಿರಲಿಲ್ಲ.

ರಹಮತ್ ತರೀಕೆರೆಯವರು ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಲೇ ಸೂಫಿಗಳು, ನಾಥರು, ಶಾಕ್ತರು, ಮೊಹರಂ ಎಂದು ದರ್ಗಾದಿಂದ ಗುಡ್ಡಕ್ಕೆ, ಗುಡ್ಡದಿಂದ ಮಠಕ್ಕೆ ವರ್ಷಗಟ್ಟಲೆ ತಿರುಗಿದರು. ‘ಕರ್ನಾಟಕದ ಸೂಫಿಗಳು’ ಬಂದದ್ದು 1998ರಲ್ಲಿ, ಅಂಕಗಳ ಕಾಲ ಹುಟ್ಟುವ ಮೊದಲು. ಆ ಬಗೆಯ ಕ್ಷೇತ್ರಕಾರ್ಯವನ್ನು ಇವತ್ತಿನ ಸಹಾಯಕ ಪ್ರಾಧ್ಯಾಪಕರೊಬ್ಬರು ವಾರಕ್ಕೆ 16 ಗಂಟೆ ಪಾಠ, ನ್ಯಾಕ್ ಮೌಲ್ಯಮಾಪನದ ಕಡತ, ಪರೀಕ್ಷಾ ಕೆಲಸಗಳ ನಡುವೆ ಹೇಗೆ ಮಾಡಿಯಾರು? ಅದೇ ಹಂಪಿಯಲ್ಲಿದ್ದ ಕೆ.ವಿ. ನಾರಾಯಣ ಅವರ ‘ನುಡಿಗಳ ಅಳಿವು’ 2024ರ ಸಾಲಿನ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಅದೂ ನಿವೃತ್ತಿಯ ನಂತರದ ಫಲ. 1991ರಲ್ಲಿ ಸಂಶೋಧನೆಗೆಂದೇ ಹುಟ್ಟಿದ ಆ ವಿಶ್ವವಿದ್ಯಾಲಯ ಈಚಿನ ವರ್ಷಗಳಲ್ಲಿ ಅನುದಾನಕ್ಕಾಗಿ ಕೈಚಾಚಿ ನಿಲ್ಲುವಂತಾದದ್ದು ಈ ಅವಧಿಯ ಅತ್ಯಂತ ದುಃಖದ ಸಂಗತಿ ಎಂದು ನಾನು ಭಾವಿಸುತ್ತೇನೆ.

ಹೊರಗಿನಿಂದ ಬಂದದ್ದೂ ಕಡಿಮೆಯಲ್ಲ. ಅಮೆರಿಕದ ಸೌತ್ ಫ್ಲಾರಿಡಾ ವಿಶ್ವವಿದ್ಯಾಲಯದ ಗಿಲ್ ಬೆನ್ ಹೆರುತ್ 2018ರಲ್ಲಿ ಹರಿಹರನ ರಗಳೆಗಳ ಮೇಲೆ ಪೂರ್ಣ ಗ್ರಂಥವನ್ನು ಪ್ರಕಟಿಸಿದರು. ವನಮಾಲಾ ವಿಶ್ವನಾಥರು ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ಇಂಗ್ಲಿಷಿಗೆ ತಂದು, 2017ರಲ್ಲಿ ಮೂರ್ತಿ ಕ್ಲಾಸಿಕಲ್ ಲೈಬ್ರರಿಯಲ್ಲಿ ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಅನುವಾದ ಇರುವಂತೆ ಕೊಟ್ಟರು. ದೆಹಲಿಯ ಜೆಎನ್‌ಯು ಕನ್ನಡ ಪೀಠವು ಪುರುಷೋತ್ತಮ ಬಿಳಿಮಲೆಯವರ ಕಾಲದಲ್ಲಿ ‘ಕವಿರಾಜಮಾರ್ಗ’ವನ್ನು ಆರ್.ವಿ.ಎಸ್. ಸುಂದರಂ ಮತ್ತು ದೇವೆನ್ ಪಟೇಲರಿಂದ ಇಂಗ್ಲಿಷಿಗೆ ಮಾಡಿಸಿತು. ನಮ್ಮ ಹಳೆಯ ಕಾವ್ಯಗಳನ್ನು ಇಷ್ಟು ಜತನದಿಂದ ಓದುವವರು ಹೊರಗೆ ಹೆಚ್ಚುತ್ತಿರುವಾಗ, ನಮ್ಮ ಎಂ.ಎ. ತರಗತಿಗಳಲ್ಲಿ ಹಳಗನ್ನಡ ಪತ್ರಿಕೆ ತೆಳ್ಳಗಾಗುತ್ತಿದೆ.

ಹಳಗನ್ನಡದ ಓದು ಏನು ಬೇಡುತ್ತದೆ ಎಂಬುದನ್ನು ಹತ್ತಿರದಿಂದ ತೋರಿಸದೆ ಈ ಮಾತು ಮುಗಿಯದು. ಒಂದು ಓಲೆಗರಿ ಕೈಗೆ ಬಂದಿದೆ ಎಂದುಕೊಳ್ಳಿ. ಪದಗಳ ನಡುವೆ ಬಿಡುವಿಲ್ಲ. ಎ-ಏ, ಒ-ಓಗಳಿಗೆ ಬೇರೆ ಗುರುತಿಲ್ಲ. ‘ಕೊಡು’ ಎಂದು ಕಂಡದ್ದು ಕೊಡುವುದೂ ಆಗಬಹುದು, ಪ್ರಾಣಿಯ ಕೋಡೂ ಆಗಬಹುದು. ಛಂದಸ್ಸಿನ ಮಾತ್ರೆ ಎಣಿಸಿ ಲಘುವೋ ಗುರುವೋ ಎಂದು ತೀರ್ಮಾನಿಸಬೇಕು. ಇನ್ನೂ ಕಷ್ಟದ್ದು ‘ಬಾಳ್’. ಹಳೆಯ ಕನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಬದುಕು. ೞಕಾರ ನಾಲಗೆಯಿಂದ ಮರೆಯಾದ ಮೇಲೆ ಪ್ರತಿ ಮಾಡಿದ ಲಿಪಿಕಾರನಿಗೆ ಎರಡೂ ಒಂದೇ, ಆತ ಎರಡನ್ನೂ ಳಕಾರದಲ್ಲೇ ಬರೆದ. ಯುದ್ಧದ ಪದ್ಯದಲ್ಲಿ ವೀರ ನೀಗಿದ್ದು ಕತ್ತಿಯನ್ನೋ ಬದುಕನ್ನೋ? ಪದ್ಯದ ನಾಲ್ಕೂ ಸಾಲುಗಳ ಪ್ರಾಸಾಕ್ಷರ ನೋಡಬೇಕು, ಬೇರೆ ಪ್ರತಿ ತರಿಸಬೇಕು, ಅದೇ ಕವಿ ಬೇರೆಡೆ ಹೇಗೆ ಬಳಸಿದ್ದಾನೆ ಎಂದು ಹುಡುಕಬೇಕು. ಒಂದು ಅಕ್ಷರಕ್ಕೆ ಒಂದು ವಾರ ಹೋಗಬಹುದು. ಅಡಿಟಿಪ್ಪಣಿಯಲ್ಲಿ ಅದು ಅರ್ಧ ಸಾಲು. ಡಿ.ಎಲ್. ನರಸಿಂಹಾಚಾರ್ಯರು, ಎಂ.ಎಂ. ಕಲಬುರ್ಗಿಯವರು ಜೀವಮಾನವಿಡೀ ಮಾಡಿದ್ದು ಈ ಅರ್ಧ ಸಾಲಿನ ಕೆಲಸ. ಕಲಬುರ್ಗಿಯವರು ಪ್ರಧಾನ ಸಂಪಾದಕರಾಗಿ ನಡೆಸಿದ ಸಮಗ್ರ ವಚನ ಸಂಪುಟಗಳು 15. ಕೋಷ್ಟಕದ 8 ಅಂಕದ ಸಾಲಿನಲ್ಲಿ ಇದನ್ನು ಎಲ್ಲಿ ಕೂರಿಸುವುದು?

ಮಂಡನೆ ಎಂಬ ಮಾತಿಗೂ ನಮ್ಮಲ್ಲಿ ಬೇರೊಂದು ಅರ್ಥವಿತ್ತು. ಎ.ಆರ್. ಕೃಷ್ಣಶಾಸ್ತ್ರಿಗಳು 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ‘ಪ್ರಬುದ್ಧ ಕರ್ನಾಟಕ’ ಶುರು ಮಾಡಿದಾಗ ವಿಜ್ಞಾನದ ಅಧ್ಯಾಪಕರಿಗೂ ಕನ್ನಡದಲ್ಲಿ ಬರೆಯಿರಿ ಎಂದು ದುಂಬಾಲು ಬಿದ್ದವರು. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾಲಯ ಪ್ರಚಾರೋಪನ್ಯಾಸಗಳನ್ನು ಆರಂಭಿಸಿತು. ಪ್ರಾಧ್ಯಾಪಕರು ಬಸ್ಸು ಹತ್ತಿ ಊರೂರಿಗೆ ಹೋಗಿ ನಕ್ಷತ್ರ, ಬೇಸಾಯ, ರೋಗ, ಚರಿತ್ರೆಗಳ ಬಗ್ಗೆ ಜನರೆದುರು ಮಾತಾಡಿದರು. ಆಡಿದ ಮಾತು ಸಣ್ಣ ಪುಸ್ತಕವಾಗಿ ಅಚ್ಚಾಗಿ ಅತಿ ಕಡಿಮೆ ಬೆಲೆಗೆ ಸಿಗುತ್ತಿತ್ತು. ಕುವೆಂಪು ಕುಲಪತಿಗಳಾದ ಮೇಲೆ ಪ್ರಸಾರಾಂಗ ಇನ್ನೂ ಬೆಳೆಯಿತು. ನಮ್ಮ ಮನೆಯ ಅಟ್ಟದಲ್ಲಿ ಆ ಕಿರುಹೊತ್ತಿಗೆಗಳ ಒಂದು ಕಟ್ಟು ಈಗಲೂ ಇದೆ. ಕೆಲವಕ್ಕೆ ಅಜ್ಜ ಅಂಚಿನಲ್ಲಿ ಪ್ರಶ್ನೆ ಬರೆದಿದ್ದಾರೆ. ಅಧ್ಯಾಪಕನ ಬರಹಕ್ಕೆ ಹಳ್ಳಿಯ ಓದುಗನೊಬ್ಬ ಅಂಚಿನಲ್ಲಿ ಬರೆದ ಆ ಪ್ರಶ್ನೆಗಿಂತ ದೊಡ್ಡ ಉಲ್ಲೇಖ ನನಗಂತೂ ಗೊತ್ತಿಲ್ಲ.

ಈಗ ಮುಂದಿರುವ ಕರಡಿನಲ್ಲಿ ಅಂಕಗಳ ಬದಲು ಒಂಬತ್ತು ಬಗೆಯ ‘ಗಮನಾರ್ಹ ಕೊಡುಗೆ’ಗಳಿವೆ, ನಾಲ್ಕರಲ್ಲಿ ಸಾಧನೆ ತೋರಿಸಬೇಕು. ಭಾರತೀಯ ಭಾಷೆಗಳಲ್ಲಿ ಬೋಧನೆಯ ಕೊಡುಗೆಯೂ ಅದರಲ್ಲೊಂದು. ಕುಲಪತಿಗಳ ನೇಮಕದ ವಿಷಯದಲ್ಲಿ ಆ ಕರಡಿಗೆ ನಮ್ಮ ರಾಜ್ಯದ ಆಕ್ಷೇಪ ಇರುವುದು ಸರಿಯೇ. ಆದರೆ ಆ ಜಗಳದ ನಡುವೆ ಭಾಷೆಯ ಸಾಲು ಯಾರ ಕಣ್ಣಿಗೂ ಬೀಳದೆ ಹೋಗಬಾರದು. ಬೋಧನೆಯ ಜೊತೆಗೆ ಗ್ರಂಥಸಂಪಾದನೆ, ಶಾಸನಪಾಠ, ನಿಘಂಟು, ಕ್ಷೇತ್ರಕಾರ್ಯ ಎಂದು ಬಿಡಿಬಿಡಿಯಾಗಿ ಬರೆಸಬೇಕು. ಪತ್ರಿಕೆಗಳ ಗುಣವನ್ನು ಆಯಾ ವಿಶ್ವವಿದ್ಯಾಲಯಗಳೇ ನಿರ್ಧರಿಸಲಿ ಎಂದು ಯುಜಿಸಿ ಹೇಳಿರುವುದರಿಂದ, ಕರ್ನಾಟಕದ ವಿಶ್ವವಿದ್ಯಾಲಯಗಳು ಕನ್ನಡದ ವಿದ್ವತ್ ಪತ್ರಿಕೆಗಳಿಗೆ ತಮ್ಮದೇ ಮಾನದಂಡ ಕಟ್ಟಿಕೊಳ್ಳಲು ಈಗ ಅಡ್ಡಿಯಿಲ್ಲ. ದೆಹಲಿಯ ಕಡೆ ನೋಡುತ್ತಾ ಕೂರುವ ಕಾರಣ ಇನ್ನಿಲ್ಲ.

ನಮ್ಮ ತ್ರೈಮಾಸಿಕದ ಮಟ್ಟಿಗೆ ಒಂದು ನಿರ್ಧಾರ ಮಾಡಿದ್ದೇವೆ. ಮುಂದಿನ ಸಂಚಿಕೆಯಿಂದ ಪ್ರತಿ ಲೇಖನವನ್ನೂ ಇಬ್ಬರು ವಿಷಯಬಲ್ಲವರು ಓದುತ್ತಾರೆ, ಅವರ ಟಿಪ್ಪಣಿ ಲೇಖಕರಿಗೆ ಪೂರ್ತಿಯಾಗಿ ಹೋಗುತ್ತದೆ. ಪುಟಮಿತಿ ಇಲ್ಲ, ಶುಲ್ಕವಿಲ್ಲ, ಇಂತಿಷ್ಟು ದಿನದಲ್ಲಿ ಅಚ್ಚಾಗುತ್ತದೆ ಎಂಬ ಭರವಸೆಯೂ ಇಲ್ಲ. ಆ ಮಧ್ಯಾಹ್ನ ವೀರಗಲ್ಲಿನ ಅಚ್ಚು ಹಿಡಿದು ನಿಂತಿದ್ದ ಹುಡುಗಿಯ ವಿಳಾಸ ಹುಡುಕಿ ಪತ್ರ ಬರೆದಿದ್ದೆ. ಆಕೆ ಈಗ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಕಳೆದ ತಿಂಗಳು ಲಕೋಟೆ ಬಂತು: ಅರವತ್ತೆರಡು ಪುಟ, ಮೂರರ ಜಾಗದಲ್ಲಿ ಹತ್ತೊಂಬತ್ತು ವೀರಗಲ್ಲು. ಸವೆದ ಆ ಸಾಲಿನ ಮೂರನೆಯ ಅಕ್ಷರವನ್ನು ಓದಿರುವ ರೀತಿಗೆ ನಮ್ಮ ಒಬ್ಬ ಓದುಗರ ಒಪ್ಪಿಗೆಯಿಲ್ಲ. ಅವರು ನಾಲ್ಕು ಪುಟ ಬರೆದಿದ್ದಾರೆ. ಮುಂದಿನ ಭಾನುವಾರ ಇಬ್ಬರೂ ಆ ಕಲ್ಲಿನ ಮುಂದೆ ಕೂತು ನೋಡುವುದೆಂದು ಮಾತಾಗಿದೆ, ಬೆಳಗಿನ ಓರೆ ಬಿಸಿಲು ಬೀಳುವ ಹೊತ್ತಿಗೆ.