ಕೋವಿಯ ನೆಪ, ರಿವಾಲ್ವರ್ ಶೋಕಿ

ಕೊಚ್ಚಿ, ತಿರುವನಂತಪುರಗಳ ನಮ್ಮ ಮಿತ್ರರಲ್ಲಿ ಕೆಲವರಿಗೆ ರಿವಾಲ್ವರ್ ಶೋಕಿ ಹತ್ತಿದೆ. ಅದೂ ನಾಲ್ಕಂಗುಲ ನಳಿಗೆಯದೇ ಆಗಬೇಕಂತೆ: ಒಯ್ಯಲು ಗಿಡ್ಡ, ಗುರಿಗೆ ಸಾಕಷ್ಟು ಉದ್ದ. ಒಂದಿದ್ದವರಿಗೆ ಇನ್ನೊಂದರ ಆಸೆ. ಏಕೆಂದು ಕೇಳಿದರೆ, “ಕೊಡವರ ಮನೆಯಲ್ಲಿ ಕೋವಿಯಿಲ್ಲವೇ? ಇದೂ ಕನ್ನಡ ನಾಡಿನ ಸಂಸ್ಕೃತಿಯೇ” ಎಂಬ ಉತ್ತರ ಸಿದ್ಧ.

ಈ ವಾದವನ್ನು ನಾವು ಒಪ್ಪಲಾರೆವು. ಕೊಡವರ ಕೋವಿ ಸಂಗ್ರಹದ ವಸ್ತುವಲ್ಲ. ಕೈಲ್ ಮುಹೂರ್ತದಂದು ಅದಕ್ಕೆ ಹೂ ಮುಡಿಸಿ ಪೂಜಿಸುತ್ತಾರೆ. ಮನೆಯಲ್ಲಿ ಸಾವಾದರೆ ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದ ಪರವಾನಗಿ ವಿನಾಯಿತಿಯೂ ಕೊಡಗಿನವರಿಗೇ ಸಂಬಂಧಿಸಿದ್ದು, ನಮ್ಮ ಮಿತ್ರರ ಶೋಕಿಗಲ್ಲ.

ರಿವಾಲ್ವರ್ ಹುಟ್ಟಿದ್ದೇ ಸೊಂಟದಲ್ಲಿದ್ದು ಮನುಷ್ಯನತ್ತ ತಿರುಗಲು. ಬಹುಪಾಲು ರಿವಾಲ್ವರುಗಳಲ್ಲಿ ಸೇಫ್ಟಿ ಕ್ಯಾಚ್ ಕೂಡ ಇರುವುದಿಲ್ಲ. ಗುಂಡು ತುಂಬಿದ್ದರೆ ಟ್ರಿಗರ್ ಎಳೆದೊಡನೆ ಹಾರುತ್ತದೆ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಮಕ್ಕಳ ಕೈಗೆಟುಕದ ಕಪಾಟು ಯಾವುದು, ಸ್ವಾಮಿ?

ಗುರಿಯಾಟವೇ ಬೇಕಿದ್ದರೆ, 2015ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ಶೂಟಿಂಗ್ ರೇಂಜ್ ತಿರುವನಂತಪುರದ ವಟ್ಟಿಯೂರ್ಕಾವಿನಲ್ಲಿದೆ. ಏರ್ ಪಿಸ್ತೂಲು ಹಿಡಿದು ಅಲ್ಲಿ ಬೆವರು ಹರಿಸಲಿ; ನಾವೇ ಚಪ್ಪಾಳೆ ತಟ್ಟುತ್ತೇವೆ. ಕೂಡಿಡುವ ಚಪಲಕ್ಕೆ ಕಾನೂನೇ ಕಡಿವಾಣ ಹಾಕಿದೆ: 2019ರ ತಿದ್ದುಪಡಿಯ ಪ್ರಕಾರ ಸಾಮಾನ್ಯ ಪರವಾನಗಿದಾರನಿಗೆ ಮೂರಲ್ಲ, ಎರಡೇ ಆಯುಧ.

ಶೋಕಿಯನ್ನು ಶೋಕಿಯೆಂದೇ ಕರೆಯಿರಿ; ಅದಕ್ಕೆ ಕೊಡಗಿನ ಕುಪ್ಪಸ ತೊಡಿಸಬೇಡಿ. ಹಬ್ಬದೂಟಕ್ಕೆ ಬಂದ ನೆಂಟರ ಮಗು ನಿಮ್ಮ ಕಪಾಟು ತೆರೆದ ದಿನ ಯಾವ ಸಂಸ್ಕೃತಿಯೂ ನೆರವಿಗೆ ಬಾರದು.