ಡ್ರಾ ಕೇಳುವ ಹಕ್ಕು, ಕೇಳುವ ರೀತಿ

ಚೆಸ್ ಪಂದ್ಯ ನಡೆಯುತ್ತಿರುವಾಗ ಎದುರಾಳಿಯ ಜೊತೆ ಆಡಬಹುದಾದ ಮಾತುಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಹೆಚ್ಚು ತೂಕದ್ದು ‘ಡ್ರಾ?’ ಎಂಬ ಪ್ರಶ್ನೆ. ಅದನ್ನು ಕೇಳುವ ಕ್ರಮವನ್ನು ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆಯ ನಿಯಮಾವಳಿ ಸ್ಪಷ್ಟವಾಗಿ ಹೇಳಿದೆ: ಮೊದಲು ನಮ್ಮ ನಡೆ, ಬಳಿಕ ಡ್ರಾ ಪ್ರಸ್ತಾಪ, ಕೊನೆಗೆ ಗಡಿಯಾರ ಒತ್ತುವುದು. ಈ ಕ್ರಮಕ್ಕೆ ಕಾರಣವಿದೆ. ಎದುರಾಳಿ ತನ್ನ ಸಮಯದಲ್ಲಿ ಯೋಚಿಸುತ್ತಿರುವಾಗ ಬಾಯಿ ತೆರೆದರೆ ಅವರ ಲೆಕ್ಕಾಚಾರ ಕಡಿದುಹೋಗುತ್ತದೆ. ನಡೆ ಇಡುವ ಮುನ್ನವೇ ಕೇಳಿದರೆ, ನಮ್ಮ ಉದ್ದೇಶವನ್ನು ಮುಚ್ಚಿಟ್ಟುಕೊಂಡು ಅವರ ಮನಸ್ಸನ್ನು ಅಳೆದಂತಾಗುತ್ತದೆ; ಹಾಗಾಗಿಯೇ ‘ಮೊದಲು ನಿಮ್ಮ ನಡೆ ಇಡಿ’ ಎಂದು ಹೇಳುವುದು ಆಟಗಾರರಲ್ಲಿ ರೂಢಿ. ಒಮ್ಮೆ ಮುಂದಿಟ್ಟ ಪ್ರಸ್ತಾಪವನ್ನು ಹಿಂಪಡೆಯುವಂತಿಲ್ಲ, ಅದಕ್ಕೆ ಷರತ್ತು ಹಾಕುವಂತಿಲ್ಲ. ಎದುರಾಳಿ ಬೇಡವೆಂದು ಬಾಯಿಬಿಟ್ಟು ಹೇಳಬಹುದು, ಇಲ್ಲವೇ ನಡೆಸುವ ಉದ್ದೇಶದಿಂದ ಕಾಯಿಯನ್ನು ಮುಟ್ಟಿದರೂ ಸಾಕು. ಇಬ್ಬರೂ ತಮ್ಮ ಸ್ಕೋರ್‌ಶೀಟ್‌ನಲ್ಲಿ ಸಮ ಚಿಹ್ನೆ ಬರೆದು ಆ ಪ್ರಸ್ತಾಪವನ್ನು ದಾಖಲಿಸಬೇಕು.

ಆದರೆ ಡ್ರಾ ಕುರಿತ ಚರ್ಚೆ ಈ ಶಿಷ್ಟಾಚಾರವನ್ನು ಬಿಟ್ಟು ಯಾವಾಗಲೂ ನಿಷೇಧದ ಕಡೆಗೇ ವಾಲಿದೆ. 1962ರ ಕುರಸಾವ್ ಕ್ಯಾಂಡಿಡೇಟ್ಸ್ ಟೂರ್ನಿಯಲ್ಲಿ ಪೆಟ್ರೋಸಿಯನ್, ಕೆರೆಸ್, ಗೆಲ್ಲರ್ ಎಂಬ ಮೂವರು ಸೋವಿಯತ್ ಆಟಗಾರರು ತಮ್ಮ ನಡುವಿನ ಹನ್ನೆರಡೂ ಪಂದ್ಯಗಳನ್ನು ಡ್ರಾ ಮಾಡಿಕೊಂಡರು, ಬಹುಪಾಲು ಬೇಗಬೇಗನೆ. ಬಾಬಿ ಫಿಶರ್ ಇದನ್ನು ಬಹಿರಂಗವಾಗಿಯೇ ಒಳಸಂಚು ಎಂದರು. ಮೂವತ್ತು ನಡೆಗಳಿಗೆ ಮೊದಲು ಒಪ್ಪಂದದ ಡ್ರಾ ಬೇಡವೆಂದು ಫಿಡೆ ತಂದ ನಿಯಮ ಹೆಚ್ಚು ಕಾಲ ಬಾಳಲಿಲ್ಲ. 2005ರಲ್ಲಿ ಬಲ್ಗೇರಿಯಾದ ಸೋಫಿಯಾದ ಟೂರ್ನಿಯೊಂದು ಆಟಗಾರರು ಪರಸ್ಪರ ಡ್ರಾ ಕೇಳುವುದನ್ನೇ ನಿಲ್ಲಿಸಿತು. ಆ ಪದ್ಧತಿ ಇಂದು ಹಲವು ದೊಡ್ಡ ಟೂರ್ನಿಗಳಿಗೆ ಹಬ್ಬಿದೆ. ಅದರಿಂದ ಆದದ್ದೇನು? ಒಂದೇ ಸ್ಥಿತಿ ಮೂರು ಬಾರಿ ಬಂದರೆ ಡ್ರಾ ಎಂಬ ನಿಯಮ ಹೇಗೂ ಇದೆ. ಹೋರಾಡುವ ಮನಸ್ಸಿಲ್ಲದ ಇಬ್ಬರು ಬರ್ಲಿನ್ ಡಿಫೆನ್ಸ್‌ನ ಪರಿಚಿತ ಪುನರಾವರ್ತನೆಗೆ ಇಳಿದು, ಒಂದು ಮಾತೂ ಆಡದೆ ಅರ್ಧ ಅಂಕ ಹಂಚಿಕೊಳ್ಳುತ್ತಾರೆ. 2023ರ ಡಿಸೆಂಬರ್‌ನಲ್ಲಿ ಸಮರ್ಕಂಡದ ವಿಶ್ವ ಬ್ಲಿಟ್ಜ್ ಚಾಂಪಿಯನ್‌ಷಿಪ್‌ನಲ್ಲಿ ನೆಪೊಮ್ನಿಯಾಚಿ ಮತ್ತು ದುಬೋವ್ ಕುದುರೆಗಳನ್ನು ಅಲ್ಲಿ ಇಲ್ಲಿ ಸುತ್ತಾಡಿಸಿ ಮತ್ತೆ ಮನೆಗೆ ತಂದು ನಿಲ್ಲಿಸಿದರು. ಇಬ್ಬರಿಗೂ ಸೊನ್ನೆ ಅಂಕ ಕೊಟ್ಟ ತೀರ್ಪು ಸರಿಯಾದದ್ದೇ. ಅಲ್ಲಿ ಶಿಕ್ಷೆಗೆ ಅರ್ಹವಾಗಿದ್ದದ್ದು ಆಡದೆ ಆಡಿದಂತೆ ನಟಿಸಿದ್ದು.

ಮಾತು ನಿಂತರೆ ಡ್ರಾ ನಿಲ್ಲುವುದಿಲ್ಲ ಎಂಬುದಕ್ಕೆ ವಿಶ್ವ ಚಾಂಪಿಯನ್‌ಷಿಪ್‌ಗಳೇ ಸಾಕ್ಷಿ. 2010ರಲ್ಲಿ ಸೋಫಿಯಾದಲ್ಲಿ ವಿಶ್ವನಾಥನ್ ಆನಂದ್ ಎದುರು ಆಡಿದ ಟೊಪಲೋವ್, ತಾನು ಡ್ರಾ ಕುರಿತು ಮಾತೇ ಆಡುವುದಿಲ್ಲ ಎಂದು ಮೊದಲೇ ಸಾರಿದ್ದರು. ಆದರೂ ಹನ್ನೆರಡರಲ್ಲಿ ಏಳು ಪಂದ್ಯಗಳು ಡ್ರಾ ಆದವು. 2024ರ ಸಿಂಗಪುರದಲ್ಲಿ ಗುಕೇಶ್ ಮತ್ತು ಡಿಂಗ್ ಲಿರೆನ್ 40ನೇ ನಡೆಗೆ ಮೊದಲು ಡ್ರಾಗೆ ಒಪ್ಪುವಂತಿರಲಿಲ್ಲ. ಹದಿನಾಲ್ಕರಲ್ಲಿ ಒಂಬತ್ತು ಡ್ರಾ. ಕೊನೆಯ ಪಂದ್ಯವನ್ನು ಗಮನಿಸಿ. 40 ನಡೆ ದಾಟಿದ ಮೇಲೆ ಆ ನಿರ್ಬಂಧ ಇರಲಿಲ್ಲ. ಸ್ಥಿತಿ ಡ್ರಾ ಕಡೆಗೇ ಸಾಗಿತ್ತು. ಗುಕೇಶ್ ಒಂದು ಪದಾತಿಯ ಅಲ್ಪ ಹೆಚ್ಚಳವನ್ನು ಹಿಡಿದು ಆಡುತ್ತಲೇ ಹೋದರು, 55ನೇ ನಡೆಯಲ್ಲಿ ಡಿಂಗ್ ಎಡವಿದರು. ಆ ಪಂದ್ಯವನ್ನು ಜೀವಂತ ಇಟ್ಟದ್ದು ಆಟಗಾರನ ಛಲ. ಅದನ್ನು ನಿಯಮ ಬರೆದು ಹುಟ್ಟಿಸಲಾಗದು.

ನಿಜವಾದ ಹಾನಿ ಆಗುತ್ತಿರುವುದು ಕ್ಯಾಮೆರಾಗಳಿಲ್ಲದ ಕಡೆ, ಮಕ್ಕಳ ಮತ್ತು ಮುಕ್ತ ಟೂರ್ನಿಗಳ ಉದ್ದನೆಯ ಮೇಜುಗಳಲ್ಲಿ. ಸೋಲುವ ಸ್ಥಿತಿಯಲ್ಲಿರುವವರು ಡ್ರಾ ಕೇಳುತ್ತಾರೆ, ಬೇಡವೆಂದರೆ ಎರಡು ನಡೆಯ ಬಳಿಕ ಮತ್ತೆ ಕೇಳುತ್ತಾರೆ, ಗಡಿಯಾರದಲ್ಲಿ ನಿಮಿಷಗಳು ಕರಗುವಾಗ ಮತ್ತೊಮ್ಮೆ. ‘ಕೇಳುವುದರಲ್ಲಿ ತಪ್ಪೇನು, ಬೇಡ ಎಂದರಾಯಿತಲ್ಲ’ ಎನ್ನುವವರಿದ್ದಾರೆ. ಆದರೆ ಬೇಡ ಎನ್ನುವುದಕ್ಕೂ ಬೆಲೆ ತೆರಬೇಕು. ಪ್ರತಿ ಪ್ರಸ್ತಾಪವೂ ಎದುರಾಳಿಯಲ್ಲಿ ‘ನನಗೆ ಕಾಣದ್ದು ಇವರಿಗೇನಾದರೂ ಕಂಡಿತೇ’ ಎಂಬ ಶಂಕೆ ಬಿತ್ತುತ್ತದೆ. ಹತ್ತು ವರ್ಷದ ಮಗುವಿನ ಎದುರು ತನಗಿಂತ ನಾನೂರು ರೇಟಿಂಗ್ ಹೆಚ್ಚಿರುವವರು ಕುಳಿತು ಕೈ ಚಾಚಿದರೆ, ಗೆಲ್ಲುವ ಸ್ಥಿತಿಯಲ್ಲಿದ್ದರೂ ಆ ಮಗು ಅರ್ಧ ಅಂಕವನ್ನೇ ಭಾಗ್ಯವೆಂದು ಒಪ್ಪಿಬಿಡಬಹುದು. ಇದು ಬಲದ ದುರುಪಯೋಗ. ಅಸಮಂಜಸ ಡ್ರಾ ಪ್ರಸ್ತಾಪಗಳಿಂದ ಎದುರಾಳಿಯನ್ನು ಕಾಡುವುದನ್ನು ಫಿಡೆ ನಿಯಮ ನೇರವಾಗಿಯೇ ನಿಷೇಧಿಸಿದೆ. ಹೊಸ ಕಾನೂನು ಬೇಕಿಲ್ಲ, ಇರುವುದನ್ನು ಜಾರಿಗೆ ತರುವ ಆರ್ಬಿಟರ್, ಅಂದರೆ ತೀರ್ಪುಗಾರ, ಬೇಕು.

ಹಾಗೆಂದು ಹಳಬರು ಹೇಳುವ ಎಲ್ಲ ಮರ್ಯಾದೆಗಳನ್ನೂ ನಾನು ಒಪ್ಪುವುದಿಲ್ಲ. ಕಡಿಮೆ ರೇಟಿಂಗ್‌ನವರು ತಾವಾಗಿ ಡ್ರಾ ಕೇಳಬಾರದು ಎಂಬ ಮಾತಿದೆ. ಹಲಗೆಯ ಮೇಲಿನ ಸ್ಥಿತಿ ಸಮವಾಗಿದ್ದರೆ ಯಾರು ಕೇಳಿದರೂ ಅದು ಗೌರವದ ಪ್ರಸ್ತಾಪವೇ. ಹಿರಿಯರ ಮುಂದೆ ಕಿರಿಯರು ಬಾಯಿ ತೆರೆಯಬಾರದೆಂಬ ಪದ್ಧತಿಗೆ ಚೆಸ್‌ನಲ್ಲಿ ಜಾಗವಿಲ್ಲ. ಇನ್ನೊಂದು ರೂಢಿ ಮಾತ್ರ ಉಳಿಯಲೇಬೇಕು: ಒಮ್ಮೆ ಕೇಳಿ ಬೇಡವೆನಿಸಿಕೊಂಡ ಮೇಲೆ, ಸ್ಥಿತಿ ಪೂರ್ತಿ ಬದಲಾಗದ ಹೊರತು, ಮುಂದಿನ ಮಾತು ಎದುರಾಳಿಗೆ ಸೇರಿದ್ದು.

ಹಣ ಕೊಟ್ಟ ಪ್ರಾಯೋಜಕರಿಗೆ, ನೋಡಲು ಬಂದವರಿಗೆ ಡ್ರಾ ಮೋಸವಲ್ಲವೇ ಎಂಬುದು ಗಟ್ಟಿಯಾದ ಆಕ್ಷೇಪ. ಆಡದೆ ಮಾಡಿಕೊಂಡ ಡ್ರಾ ಮೋಸವೇ, ಅದನ್ನು ತಡೆಯಲು ಆಯೋಜಕರು ಕನಿಷ್ಠ ನಡೆಗಳ ಮಿತಿ ಹಾಕುವುದನ್ನು ನಾನು ವಿರೋಧಿಸುವುದಿಲ್ಲ. ಆದರೆ 2018ರಲ್ಲಿ ಲಂಡನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಹನ್ನೆರಡನೆಯ ಪಂದ್ಯದಲ್ಲಿ ಕಾರ್ಲ್‌ಸನ್ ತಮಗೇ ಅನುಕೂಲವಿದ್ದ ಸ್ಥಿತಿಯಲ್ಲಿ ಕರುವಾನಾಗೆ ಡ್ರಾ ಮುಂದಿಟ್ಟಾಗ ಹಲವರು ಅದನ್ನು ಹೇಡಿತನ ಎಂದರು. ನನಗೆ ಹಾಗನಿಸುವುದಿಲ್ಲ. ಅವರು ಬಿಟ್ಟುಕೊಟ್ಟದ್ದು ತಮ್ಮದೇ ಅವಕಾಶವನ್ನು. ರ‍್ಯಾಪಿಡ್ ಟೈಬ್ರೇಕ್‌ನಲ್ಲಿ ತಾವು ಬಲಿಷ್ಠರೆಂಬ ಲೆಕ್ಕ ಅದರ ಹಿಂದಿತ್ತು, ಮೂರಕ್ಕೆ ಮೂರೂ ಗೆದ್ದು ಆ ಲೆಕ್ಕ ಸರಿಯೆಂದು ತೋರಿಸಿದರು. ಕೈಯಲ್ಲಿ ಏನೋ ಇದ್ದು ಡ್ರಾ ಕೇಳುವವರಿಗೂ, ಏನೂ ಉಳಿಯದೆ ಎದುರಾಳಿಯ ದಣಿವನ್ನು ನಂಬಿ ಕೇಳುವವರಿಗೂ ಇರುವ ಈ ಅಂತರವನ್ನು ತರಬೇತುದಾರರು ಓಪನಿಂಗ್‌ಗಳ ಜೊತೆಗೇ ಕಲಿಸಬೇಕು. ಸಮ ಚಿಹ್ನೆ ಬರೆಯುವುದನ್ನು ಮಕ್ಕಳಿಗೆ ಮೊದಲ ಟೂರ್ನಿಗೇ ರೂಢಿ ಮಾಡಿಸಿದರೆ, ಯಾರು ಎಷ್ಟು ಬಾರಿ ಕೇಳಿದರೆಂಬ ದಾಖಲೆ ಆರ್ಬಿಟರ್ ಮುಂದೆ ಇರುತ್ತದೆ, ದೂರು ಕೊಡುವ ಮಗು ಸಾಕ್ಷಿಗಾಗಿ ಹುಡುಕಬೇಕಾಗಿಲ್ಲ.